ಊದುಬತ್ತಿ ಘಮಘಮಿಸುವ ಕಾರು

ನೆರೆ ಇಳಿದ ಮೇಲೆ ನರಿಯ ಹಳೇ ಕಾರುಗಳ ಅಂಗಡಿಗೆ ಒಂದು ಕೆಂಪು ಕಾರು ಬಂತು. ಅದರ ಹೊಳಪಿಗೆ ಹೋತ ಮರುಳಾಯಿತು. ಒಳಗೆ ತಲೆ ಹಾಕಿದರೆ ಗಮ್ಮೆಂದು ಊದುಬತ್ತಿಯ ವಾಸನೆ.

"ಇಷ್ಟೊಂದು ಊದುಬತ್ತಿ ಯಾಕಯ್ಯಾ?"

"ಹಿಂದಿನ ಮಾಲೀಕರು ಬಲು ದೈವಭಕ್ತರು, ಸ್ವಾಮಿ."

"ಹೆಡ್‌ಲೈಟಿನೊಳಗೆ ಮೀನು ಈಜುತ್ತಿದೆಯಲ್ಲ?"

"ಮತ್ಸ್ಯಾವತಾರ! ಎಲ್ಲರಿಗೂ ಸಿಗುವಂಥದ್ದಲ್ಲ."

ಹೋತ ಮೀನಿಗೆ ಕೈಮುಗಿದು ಕಾರು ಕೊಂಡಿತು. ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆದು, ಕೀಲಿ ತಿರುಗಿಸಿತು. ಎಂಜಿನ್ ಬುಳಬುಳನೆ ಕೆಸರು ಕಕ್ಕಿ ಸುಮ್ಮನಾಯಿತು. ಒಂದು ನಿಂಬೆಹಣ್ಣೂ ಅಪ್ಪಚ್ಚಿಯಾಗಲಿಲ್ಲ.

ಸೀಟಿನಡಿಯಿಂದ ಏಡಿಯೊಂದು ಇಣುಕಿತು. "ಈ ಕಾರು ಹೊಳೆಯಲ್ಲಿ ಮುಳುಗಿದ್ದಾಗಲೇ ನಾನು ಇಲ್ಲಿ ಮನೆ ಮಾಡಿದೆ. ಮೀನು ಕಂಡೂ ಕೊಂಡೆಯಲ್ಲ?"

"ದೇವರ ಹೆಸರು ಹೇಳಿದ ಮೇಲೆ ಅನುಮಾನ ಪಡುವುದು ಹೇಗೆ?" ಎಂದ ಹೋತ, ನರಿಯನ್ನು ಬಾಯಿಗೆ ಬಂದಂತೆ ಬೈಯಿತು. ಅಷ್ಟರಲ್ಲಿ ಕುರಿಯೊಂದು ಬಂದು ಕಾರನ್ನು ಆಸೆಗಣ್ಣಿನಿಂದ ನೋಡತೊಡಗಿತು. ಹೋತ ಬೈಗುಳ ನಿಲ್ಲಿಸಿ ಗಡ್ಡ ನೀವಿಕೊಂಡಿತು.

"ಸ್ವಲ್ಪ ಹೊತ್ತು ಬಾಯಿ ಮುಚ್ಚಿಕೊಂಡಿರು ಮಾರಾಯ," ಎಂದು ಏಡಿಗೆ ಪಿಸುಗುಟ್ಟಿತು.

"ಆಗಲಿ," ಎಂದಿತು ಏಡಿ. "ನರಿಗೆ ಇದನ್ನು ಮಾರಿದ ಕತ್ತೆಯೂ ಹೀಗೇ ಅಂದಿತ್ತು. ಊದುಬತ್ತಿ ನನ್ನ ಪಕ್ಕದಲ್ಲೇ ಇದೆ, ತಗೋ."