ಅಣ್ಣ ನೋಡಿಕೊಟ್ಟ ಪೈಪು

“ನಿನ್ನೆ ಸಭೆಯಲ್ಲಿ ಹಾಳೆ ಹಿಂದುಮುಂದಾಗಿ ಓದಿ ಎಲ್ಲರನ್ನೂ ನಗಿಸಿದವನಿಗೇ ಇವತ್ತೂ ಓದಲು ಕೊಟ್ಟಿದ್ದೀರಿ. ನಾನು ಒಂದು ಅಕ್ಷರವೂ ತಪ್ಪದೆ ಓದುತ್ತೇನೆ. ಇದು ಯಾವ ನ್ಯಾಯ, ಗುರುಗಳೇ?” ಎಂದು ಮರುಳಯ್ಯ ಕೇಳಿದ.

ತಪ್ಪು ಓದಿದವನು ಗುರುಪಾದ. ಅವನು ಮಠಕ್ಕೆ ಬಂದು ಎರಡು ವರ್ಷವಾಗಿತ್ತಷ್ಟೆ. ಮರುಳಯ್ಯ ಬಂದು ಒಂಬತ್ತು ವರ್ಷ.

ಗುರುಗಳು ಪೂರ್ವಾಶ್ರಮದಲ್ಲಿ ಗ್ಯಾರೇಜಿನಲ್ಲಿ ದುಡಿದವರು. ಅವರ ಕತೆಗಳಲ್ಲಿ ರಾಜರು ಬರುವುದು ಕಡಿಮೆ, ಸ್ಪ್ಯಾನರ್ ಬರುವುದು ಹೆಚ್ಚು. “ನ್ಯಾಯ ಆಮೇಲೆ ನೋಡೋಣ, ಮೊದಲು ಕುಳಿತುಕೋ” ಎಂದು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಂದು ಗ್ಯಾರೇಜು. ಅಲ್ಲೊಬ್ಬ ಮೇಸ್ತ್ರಿ, ಅವನ ಕೈಕೆಳಗೆ ಇಬ್ಬರು ಮೆಕ್ಯಾನಿಕ್‌ಗಳು. ಹಿರಿಯನು ಹದಿನೆಂಟು ವರ್ಷದಿಂದ ಇದ್ದವನು. ಕಾರಿನ ಪೆಟ್ರೋಲ್ ಪೈಪಿನ ಕೆಲಸವೆಲ್ಲ ಅವನದೇ ಆಗಿತ್ತು.

ಪೈಪು ಜೋಡಿಸುವವನು ಮೊದಲು ನಟ್ಟನ್ನು ಪೈಪಿಗೆ ತೂರಿಸಿ, ಆಮೇಲೆ ಪೈಪಿನ ತುದಿಯನ್ನು ಅರಳಿಸುತ್ತಾನೆ. ಅರಳಿದ ಆ ಬಾಯಿಗೆ ಫ್ಲೇರ್ ಎನ್ನುತ್ತಾರೆ. ಎದುರಿನ ಫಿಟ್ಟಿಂಗಿನ ಮೂತಿಗೆ ಅದು ಮೈಯೆಲ್ಲ ತಾಗಿ ಕೂರಬೇಕು. ಪೆಟ್ರೋಲನ್ನು ತಡೆಯುವುದು ಆ ಬಾಯಿ. ನಟ್ಟು ಅದನ್ನು ಹಿಡಿದುಕೊಂಡಿರುತ್ತದೆ, ಅಷ್ಟೆ. ಮೂತಿಗಳಲ್ಲಿ ಎರಡು ಜಾತಿ. ಒಂದರ ಇಳಿಜಾರು ನಲವತ್ತೈದು ಡಿಗ್ರಿ, ಇನ್ನೊಂದರದು ಮೂವತ್ತೇಳು. ಕೆಲವು ಅಳತೆಗಳಲ್ಲಿ ಎರಡರ ಥ್ರೆಡ್ಡೂ ಒಂದೇ, ಹಾಗಾಗಿ ಒಂದರ ನಟ್ಟು ಇನ್ನೊಂದಕ್ಕೆ ಸಲೀಸಾಗಿ ತಿರುಗುತ್ತದೆ. ಮೋಸ ಹೋಗುವುದು ಅಲ್ಲಿಯೇ. ಅದಕ್ಕೇ ಆ ಗ್ಯಾರೇಜಿನಲ್ಲಿ ಒಂದು ಪದ್ಧತಿಯಿತ್ತು. ಪೆಟ್ರೋಲ್ ಪೈಪನ್ನು ಯಾರೇ ಮಾಡಲಿ, ಬಿಗಿಯುವ ಮೊದಲು ಇನ್ನೊಬ್ಬನಿಗೆ ತೋರಿಸಬೇಕು. ಅವನು ನೋಡಿ ಸರಿ ಎಂದ ಮೇಲೆಯೇ ನಟ್ಟು ಬಿಗಿಯಬೇಕು.

ಕಿರಿಯನು ಬಂದ ಎರಡನೇ ವರ್ಷಕ್ಕೆ ಮೇಸ್ತ್ರಿ ಫ್ಲೇರ್ ಮಾಡುವ ಸಾಮಾನಿನ ಪೆಟ್ಟಿಗೆಯನ್ನು ಅವನ ಕೈಗೆ ಕೊಟ್ಟ. ಅಂದಿನಿಂದ ತಿಂದ ಅನ್ನ ಹಿರಿಯನ ಮೈಗೆ ಹತ್ತಲಿಲ್ಲ. ಗಿರಾಕಿಗಳು ಕಿರಿಯನ ಹೆಸರು ಹಿಡಿದು ಕೂಗಿದರೆ ಹೊಟ್ಟೆಯಲ್ಲಿ ಬೆಂಕಿ. ಕಿರಿಯನು ಆ ಪೆಟ್ಟಿಗೆಯನ್ನು ಒರೆಸಿಡುವುದನ್ನು ಕಂಡರೂ ಆಗುತ್ತಿರಲಿಲ್ಲ. ಹಾಗೆಂದು ಕೆಟ್ಟವನೇನಲ್ಲ. ಕಿರಿಯನಿಗೆ ಜ್ವರ ಬಂದಾಗ ಗಂಜಿ ಕಾಯಿಸಿ ತಂದುಕೊಟ್ಟವನೂ ಅವನೇ. ಜ್ವರದಲ್ಲಿ ಮಲಗಿದವನ ಮೇಲೆ ಯಾರಿಗೂ ಅಸೂಯೆ ಬರುವುದಿಲ್ಲ, ನೋಡು.

ಒಂದು ದಿನ ಒಬ್ಬ ವ್ಯಾಪಾರಿಯ ಕಾರು ಬಂತು. ಹಳೆಯ ತಾಮ್ರದ ಪೈಪು ಸೀಳಿತ್ತು. ಬೇರೆ ಊರಿನಲ್ಲಿ ಯಾರೋ ಆ ಕಾರಿಗೆ ಪೆಟ್ರೋಲ್ ಎಳೆಯುವ ಹೊಸ ಪಂಪು ಹಾಕಿದ್ದರು. ಅದರ ಮೂತಿ ಮೂವತ್ತೇಳರದು. ಕಿರಿಯನಿಗೆ ಅದು ಹೊಳೆಯಲಿಲ್ಲ. ಎಂದಿನಂತೆ ನಲವತ್ತೈದಕ್ಕೆ ಪೈಪನ್ನು ಅರಳಿಸಿ ಹಿರಿಯನ ಮುಂದೆ ಹಿಡಿದ.

“ಅಣ್ಣ, ಒಂದ್ಸಲ ನೋಡ್ಬಿಡಿ.”

ಹಿರಿಯನು ಪೈಪನ್ನು ನೋಡಿದ, ಪಂಪನ್ನು ನೋಡಿದ. ಒಂದೇ ನೋಟಕ್ಕೆ ತಿಳಿಯಿತು. ಬಾಯಿ ಕೂರುವುದಿಲ್ಲ, ಒಂದು ಗೆರೆಯಷ್ಟೇ ತಾಗುತ್ತದೆ. ಅವನಿಗೆ ಖುಷಿಯಾಯಿತು. ಪೆಟ್ಟಿಗೆ ಕೈತಪ್ಪಿದ ಮೇಲೆ ಮೊದಲ ಸಲ ಖುಷಿಯಾಯಿತು. ಇಲ್ಲೇ ಅಂಗಳದಲ್ಲೇ ಪೆಟ್ರೋಲ್ ತೊಟ್ಟಿಕ್ಕಲಿ, ಮೇಸ್ತ್ರಿಯ ಕಣ್ಣೆದುರೇ ಇವನ ಮಾನ ಹೋಗಲಿ, ಪೆಟ್ಟಿಗೆ ನನ್ನ ಕೈಗೆ ಬರಲಿ ಎಂದುಕೊಂಡ.

“ನೀನು ಮಾಡಿದ್ಮೇಲೆ ನಾನೇನ್ ನೋಡೋದಪ್ಪ. ಸರಿಯಾಗೇ ಇರತ್ತೆ, ಬಿಗಿ” ಎಂದ.

ಕಿರಿಯನು ಬಿಗಿದ. ಎಂಜಿನ್ ಚಾಲೂ ಮಾಡಿದಾಗ ಚೂರು ಒಸರಿತು. ಅಣ್ಣ ಸರಿ ಎಂದಿದ್ದಾರೆ, ನಟ್ಟೇ ಸಡಿಲವಿರಬೇಕು ಎಂದುಕೊಂಡು ಇನ್ನೊಂದು ಸುತ್ತು ಬಲವಾಗಿ ಬಿಗಿದ. ತಾಮ್ರ ಮೆತ್ತಗಿನ ಲೋಹ, ಜಜ್ಜಿಹೋಗಿ ಹೇಗೋ ಕಚ್ಚಿ ನಿಂತಿತು. ಒಸರುವುದು ನಿಂತಿತು. ವ್ಯಾಪಾರಿ ಹೆಂಡತಿಯನ್ನೂ ಮೊಮ್ಮಗಳನ್ನೂ ಕೂರಿಸಿಕೊಂಡು ಘಾಟಿಯ ಕಡೆ ಹೊರಟ.

ಹೀಗಾಗಲೆಂದು ಹಿರಿಯನು ಬಯಸಿರಲಿಲ್ಲ. ಜಜ್ಜಿದ ಬಾಯಿ ಘಾಟಿಯ ಕುಲುಕಾಟಕ್ಕೆ ತಡೆಯುವುದಿಲ್ಲ, ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ಬೀಳುತ್ತದೆ ಎಂದು ಅವನಿಗೆ ಗೊತ್ತಿತ್ತು. ಕೂಗಿ ನಿಲ್ಲಿಸಬಹುದಿತ್ತು. ಕಾರು ಗೇಟು ದಾಟುವವರೆಗೂ ಸಮಯವಿತ್ತು. ಆದರೆ ಈಗ ಹೇಳಿದರೆ, ಆಗಲೇ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರಲ್ಲ. ಆ ಒಂದು ಪ್ರಶ್ನೆಗೆ ಹೆದರಿ ಅವನು ಕೈ ಒರೆಸಿಕೊಳ್ಳುತ್ತ ನಿಂತ.

ಮಧ್ಯಾಹ್ನ ಸುದ್ದಿ ಬಂತು. ಘಾಟಿಯ ತಿರುವಿನಲ್ಲಿ ಕಾರು ಹೊತ್ತಿಕೊಂಡಿತ್ತು. ಹೆಂಡತಿ ಬದುಕಿದಳು, ಮಗು ಬದುಕಿತು. ಮಗುವನ್ನು ಹೊರಗೆಳೆಯಲು ಹೋದ ವ್ಯಾಪಾರಿಯ ಎರಡೂ ಕೈಗಳು ಬೆಂದುಹೋದವು.

ಮರುದಿನ ಸುಟ್ಟ ಕಾರನ್ನು ಗ್ಯಾರೇಜಿಗೆ ಎಳೆದು ತಂದರು. ಕಿರಿಯನು ಪೆಟ್ಟಿಗೆಯನ್ನು ಮೇಸ್ತ್ರಿಯ ಕಾಲ ಬಳಿ ಇಟ್ಟು ಅತ್ತ.

“ತಪ್ಪು ನಂದೇ, ಮೇಸ್ತ್ರಿ. ಅಣ್ಣನ್ನ ಏನೂ ಅನ್ಬೇಡಿ. ಅವರೂ ನೋಡಿದ್ರು. ಪಾಪ, ಅವರ ಕಣ್ಣಿಗೂ ಕಾಣಿಸ್ಲಿಲ್ಲ.”

ಮೇಸ್ತ್ರಿ ಪೈಪನ್ನು ಬಿಚ್ಚಿ ನೋಡಿದ. ಆಮೇಲೆ ಹಿರಿಯನನ್ನು ನೋಡಿದ. ಹಿರಿಯನು ತಲೆ ಎತ್ತಲಿಲ್ಲ. ಮೇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ಮತ್ತೆ ಕಿರಿಯನ ಕೈಗೇ ಕೊಟ್ಟ.

“ನಿನಗೆ ಗೊತ್ತಿರ್ಲಿಲ್ಲ, ಇನ್ಮೇಲೆ ಗೊತ್ತಿರತ್ತೆ. ನಿಮ್ಮಣ್ಣಂಗೆ ನಾನು ಏನಂತ ಕಲಿಸ್ಲಿ?” ಎಂದ.

ಗುರುಗಳು ಕತೆ ನಿಲ್ಲಿಸಿದರು. ಮುಂದೆ ಏನಾದರೂ ಇದೆಯೇನೋ ಎಂದು ಮರುಳಯ್ಯ ಕಾದ. ಇರಲಿಲ್ಲ.

“ಆ ಹಿರಿಯನು ಪಾಪಿ, ಒಪ್ಪಿದೆ. ಅದಕ್ಕೂ ನನಗೂ ಏನು ಸಂಬಂಧ, ಗುರುಗಳೇ? ನಾನು ಯಾರ ಕಾರನ್ನೂ ಸುಟ್ಟಿಲ್ಲ” ಎಂದ.

“ನಿನ್ನೆ ಓದುವ ಮೊದಲು ಗುರುಪಾದ ಹಾಳೆಗಳನ್ನು ಜೋಡಿಸಿ ತಂದು ನಿನಗೆ ತೋರಿಸಿದನಂತಲ್ಲ, ಮರುಳಯ್ಯ, ಆಗ ನೀನು ಏನೆಂದೆ?”