ಭಾಷಣಕ್ಕೊಂದು ಜಾದೂ

ಹೋದ ವರ್ಷದ ಸಮಾವೇಶದಲ್ಲಿ ಉಡುಗೊರೆ ಚೀಲ ಕೈಗೆ ಸಿಕ್ಕಿದ್ದೇ ತಡ, ಡೀಲರುಗಳೆಲ್ಲ ಕಾರು ಹತ್ತಿದ್ದರು. ಪಂಪ್‌ಸೆಟ್ ಕಂಪನಿಯ ಮಾಲೀಕ ಶೆಣೈಯವರು ಈ ಸಲ ಗುಮಾಸ್ತೆ ಐರಿನ್‌ಗೆ ಗುಡುಗಿದರು: "ನನ್ನ ಭಾಷಣದ ನಡುವೆ ಒಬ್ಬ ಎದ್ದು ಹೋದರೂ ನಾಳೆಯಿಂದ ನೀವು ಬರಬೇಕಾಗಿಲ್ಲ."

ಐರಿನ್ ಜಗ್ಗಲಿಲ್ಲ. ಭಾಷಣಕ್ಕೆ ಮೊದಲೇ ಜಾದೂಗಾರನನ್ನು ವೇದಿಕೆ ಹತ್ತಿಸಿದಳು. ಅವನು ಎಲ್ಲರ ಕಾರಿನ ಕೀಲಿಗಳನ್ನು ಟೋಪಿಗೆ ಹಾಕಿಸಿಕೊಂಡು ಮಾಯ ಮಾಡಿದ. "ಉಳಿದ ಆಟ ಭಾಷಣ ಮುಗಿದ ಮೇಲೆ" ಎಂದು ಕೈಮುಗಿದು ಇಳಿದ.

ಶೆಣೈಯವರು ಮನದಣಿಯೆ ಮಾತಾಡಿದರು. ಒಬ್ಬರೂ ಕದಲಲಿಲ್ಲ.

"ನೋಡಿದಿರಾ, ಜನ ನನ್ನ ಮಾತಿಗೆ ಹೇಗೆ ಮಾರುಹೋದರು! ಮುಂದಿನ ಸಲ ಜಾದೂಗೀದೂ ಬೇಡ."

"ಆಗಲಿ ಸರ್. ಆಗ ಅವರ ಕಾರಿನ ಕೀಲಿಗಳನ್ನು ನೀವೇ ಇಸಿದುಕೊಳ್ಳಿ."

ಶೆಣೈಯವರು ತಿರುಗಿ ನೋಡಿದರು. ಡೀಲರುಗಳೆಲ್ಲ ಜಾದೂಗಾರನನ್ನು ಮುತ್ತಿಕೊಂಡು ಕೈಚಾಚಿದ್ದರು.

"ಮಿಸ್ ಐರಿನ್," ಎಂದರು ಮೆಲ್ಲಗೆ, "ಅವನನ್ನು ಮುಂದಿನ ವರ್ಷಕ್ಕೂ ಈಗಲೇ ಗೊತ್ತುಮಾಡಿಬಿಡಿ."