ಕಿಂಡಿಯಿಂದ ಬಿದ್ದ ಕರಿ ದಾರ

“ನೋಡಿ ಬುದ್ಧಿ, ಮತ್ತೆ ಅವಳದೇ ಫೋನು! ನಿಮ್ಮ ಎದುರು ಕೂತು ಒಂದು ಮಾತು ಪೂರ್ತಿ ಕೇಳೋಣ ಅಂದರೆ ಬಿಡುವುದಿಲ್ಲ. ಕೈಕೂಸಾದರೂ ಹಾಲು ಕುಡಿದ ಮೇಲೆ ಸುಮ್ಮನಿರುತ್ತೆ. ಇವಳಿಗೆ ಅದೂ ಇಲ್ಲ.”

ದಾಕ್ಷಾಯಿಣಿ ಗುರುಗಳಿಗೆ ಹೇಳುತ್ತಲೇ ಫೋನಿನ ಬಾಯಿ ಮುಚ್ಚಿಸಿ ಸೆರಗಿನಡಿ ಇಟ್ಟುಕೊಂಡಳು.

ಅವಳು ಹಾಲಿನ ಒಕ್ಕೂಟದಲ್ಲಿ ಕೆಲಸ ಮಾಡುವವಳು. ಒಂದು ಕೆಲಸ ಮುಗಿದ ಕೂಡಲೇ ಮುಂದಿನದು ತಾನಾಗಿ ಶುರುವಾಗುವಂಥ ಏರ್ಪಾಟನ್ನು ಅಲ್ಲಿನ ಕಂಪ್ಯೂಟರಿನಲ್ಲಿ ಮಾಡಿದವಳು ಅವಳೇ. ಹಾಲು ಅಳೆದರೆ ಸಾಕು. ಬೆಲೆ ಕಟ್ಟುವುದು, ಬ್ಯಾಂಕಿಗೆ ಹೇಳುವುದು, ಲಾರಿ ಕರೆಸುವುದು ಎಲ್ಲವೂ ಯಾರೂ ಮುಟ್ಟದೆ ನಡೆಯುತ್ತಿದ್ದವು. ಸುತ್ತಲಿನ ಒಕ್ಕೂಟಗಳವರೂ ಬಂದು ಅವಳಿಂದ ಕಲಿತು ಹೋಗಿ ತಮ್ಮಲ್ಲೂ ಅದನ್ನೇ ಮಾಡಿಕೊಂಡಿದ್ದರು. ಈಗ ಇಂಚರ ಎಂಬ ಹೊಸ ಹುಡುಗಿ ಬಂದು ಅದರಲ್ಲೊಂದು ತೂತು ಕಂಡಿದ್ದಳು. ಪಾಸ್‌ವರ್ಡ್ ಇಲ್ಲದ ಹೊರಗಿನವರು ಕೂಡ ಆ ಏರ್ಪಾಟಿಗೆ ಅಪ್ಪಣೆ ಕೊಡಬಹುದಿತ್ತು. ಕೊಟ್ಟರೆ ಅದು ನಡೆಸಿಯೇ ಬಿಡುತ್ತಿತ್ತು.

“ಏನು ಬೇಕಂತೆ ಆ ಮಗುವಿಗೆ?” ಎಂದರು ಗುರುಗಳು.

“ಉಳಿದ ಒಕ್ಕೂಟಗಳಿಗೆ ತಿಳಿಸಿದಿರಾ ಮೇಡಂ, ತಿಳಿಸಿದಿರಾ ಮೇಡಂ. ದಿನಾ ಇದೇ ಜಪ. ನಮ್ಮದನ್ನು ನಾನೇ ಮುಚ್ಚಿ ಆಯಿತು, ಇನ್ನೇನು? ಇಷ್ಟು ವರ್ಷ ನಾನು ಬೆನ್ನು ಮುರಿದು ಕಟ್ಟಿದಾಗ ಅಧ್ಯಕ್ಷರ ಬಾಯಿಂದ ಒಂದು ಮಾತು ಬರಲಿಲ್ಲ. ಅವಳು ಬಂದು ಒಂದು ತೂತಿಗೆ ಬೆರಳಿಟ್ಟಳು, ಚಪ್ಪಾಳೆ! ನೀವೇ ಹೇಳಿ ಬುದ್ಧಿ. ಕಟ್ಟಿದವಳು ದೊಡ್ಡವಳೋ, ತೂತು ಕಂಡವಳು ದೊಡ್ಡವಳೋ?”

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಕಾಳಿನ ವರ್ತಕನಿದ್ದ. ಅವನ ಮಂಡಿಯಲ್ಲಿ ದಿನವೆಲ್ಲ ಕೂಗಾಟ. ತೂಗುವವನಿಗೆ ಹೇಳಿದ್ದು ಚೀಲ ಹೊಲಿಯುವವನಿಗೆ ಕೇಳುತ್ತಿರಲಿಲ್ಲ. ಹಿರಿಸೊಸೆ ಅದನ್ನೆಲ್ಲ ನಿಲ್ಲಿಸಿದಳು. ಹೊರಗೋಡೆಯಲ್ಲಿ ಒಂದು ಕಿಂಡಿ ತೆಗೆಸಿದಳು. ಕಾಳು ತಂದವರು ಅದರೊಳಗೆ ಒಂದು ದಾರ ಹಾಕಬೇಕು. ಕೆಂಪು ದಾರ ಬಿದ್ದರೆ ತೂಗುತ್ತಿದ್ದರು. ಹಳದಿ ಬಿದ್ದರೆ ಮೊರದಲ್ಲಿ ಕೇರಿ ಹಸನು ಮಾಡುತ್ತಿದ್ದರು. ದಾರ ಕೈಯಿಂದ ಕೈಗೆ ಹೋಗುತ್ತಿತ್ತು. ಯಾರೂ ಯಾರನ್ನೂ ಏನೂ ಕೇಳುವಂತಿರಲಿಲ್ಲ. ಅದೇ ಅಲ್ಲಿನ ಕಟ್ಟಳೆ. ಉಗ್ರಾಣ ತೆರೆದು ಗಾಡಿ ತುಂಬಿಸಲು ಮಾತ್ರ ಕರಿ ದಾರ. ಅದು ಹಿರಿಸೊಸೆಯ ಮಡಿಲಲ್ಲೇ ಇರುತ್ತಿತ್ತು.

ಮಂಡಿಗೆ ಹೆಸರು ಬಂತು. ಬೇರೆ ಊರಿನ ವರ್ತಕರು ಬಂದು ನೋಡಿ ತಮ್ಮಲ್ಲೂ ಕಿಂಡಿ ತೆಗೆಸಿದರು. ಹಿರಿಸೊಸೆ ತನ್ನ ತವರಿನಲ್ಲಿ ತಾನೇ ನಿಂತು ತೆಗೆಸಿದಳು. ಅವಳ ತಮ್ಮನೂ ಕಾಳಿನ ವರ್ತಕ.

ಆಮೇಲೆ ಕಿರಿಸೊಸೆ ಬಂದಳು. ಅವಳು ಕಿಂಡಿಯನ್ನು ನೋಡಿದಳು, ದಾರಗಳನ್ನು ನೋಡಿದಳು. ಒಂದು ದಿನ ಎಲ್ಲರೂ ಊಟಕ್ಕೆ ಕೂತಾಗ ಕೇಳಿದಳು.

“ಅಕ್ಕ, ಹೊರಗಿನವನೊಬ್ಬ ಕಿಂಡಿಯಿಂದ ಕರಿ ದಾರ ಹಾಕಿದರೆ?”

ಹಾಕಿದರೆ ಒಳಗಿನವರು ಗಾಡಿ ತುಂಬಿಸುತ್ತಾರೆ. ದಾರ ಎಲ್ಲಿಂದ ಬಂತು ಎಂದು ನೋಡುವ ಕಟ್ಟಳೆಯೇ ಇರಲಿಲ್ಲ.

ಅತ್ತೆ ಹಿರಿಸೊಸೆಯ ಕಡೆ ತಿರುಗಲಿಲ್ಲ. “ಕಣ್ಣು ಅಂದರೆ ಇದು ಕಣಮ್ಮ!” ಎಂದು ಕಿರಿಸೊಸೆಯ ಎಲೆಗೆ ತಾನೇ ತುಪ್ಪ ಬಡಿಸಿದಳು.

ಆ ತುಪ್ಪ ಹಿರಿಸೊಸೆಯ ಎದೆಯಲ್ಲಿ ಉರಿಯಿತು. ಆದರೂ ಅವಳು ದಡ್ಡಿಯಲ್ಲ. ಎಲೆ ಎತ್ತುವ ಮೊದಲೇ ಆಳುಗಳನ್ನು ಕರೆದು, ಕಿಂಡಿಯಿಂದ ಬಿದ್ದ ಕರಿ ದಾರಕ್ಕೆ ಬೆಲೆಯಿಲ್ಲ, ತನ್ನ ಕೈಯಿಂದ ಕೊಟ್ಟರೆ ಮಾತ್ರ ಉಗ್ರಾಣ ತೆರೆಯಬೇಕು ಎಂದಳು. ಅಲ್ಲಿಗೆ ಮನೆಯ ತೂತು ಮುಚ್ಚಿತು.

“ಉಳಿದ ಮಂಡಿಗಳಿಗೂ ಹೇಳಿ ಕಳಿಸಿದಿರಾ ಅಕ್ಕ?” ಎಂದಳು ಕಿರಿಸೊಸೆ.

“ನಿನ್ನೆ ಮೊನ್ನೆ ಬಂದವಳಿಗೆ ಊರ ಉಸಾಬರಿ ಯಾಕೆ? ಅಲ್ಲಿ ಬೇಳೆ ಉಕ್ಕುತ್ತಿದೆ, ಹೋಗಿ ನೋಡು.”

ಹೇಳಿ ಕಳಿಸಬೇಕೆಂದು ಅವಳಿಗೂ ಇತ್ತು. ಆಳನ್ನು ಕರೆದದ್ದೂ ಆಯಿತು. ಆದರೆ ಏನೆಂದು ಹೇಳುವುದು? ತೂತು ಕಂಡದ್ದು ನಾನು ಎನ್ನಲು ಆಗದು. ಊಟದ ಮನೆಯಲ್ಲಿ ಎಲ್ಲರೂ ಕೇಳಿದ್ದರು. ಕಂಡದ್ದು ಕಿರಿಯವಳು ಎನ್ನಲು ನಾಲಿಗೆ ಹೊರಳಲಿಲ್ಲ. ಹೇಳಿದರೆ ಪ್ರತಿ ಊರಿನ ಊಟದ ಮನೆಯಲ್ಲೂ ಅವಳ ಎಲೆಗೆ ತುಪ್ಪ ಬಿದ್ದಂತೆ. ಹಿರಿಸೊಸೆ ಆಳನ್ನು ದನಕ್ಕೆ ಹುಲ್ಲು ಹಾಕಲು ಕಳಿಸಿಬಿಟ್ಟಳು.

ಕೆಲವು ದಿನ ಕಳೆದವು. ಒಂದು ಬೆಳಿಗ್ಗೆ ಅವಳು ಮಂಡಿ ಗುಡಿಸುವಾಗ ಕಿಂಡಿಯ ಕೆಳಗೆ ಒಂದು ಕರಿ ದಾರ ಬಿದ್ದಿತ್ತು. ಅದು ಅವಳದಲ್ಲ. ಅವಳದು ಮಡಿಲಲ್ಲೇ ಇತ್ತು. ಯಾವನೋ ಹಾಕಿ ನೋಡಿದ್ದ. ಒಳಗಿನವರು ಅಲುಗಲಿಲ್ಲವೆಂದು ಹೊರಟುಹೋಗಿದ್ದ.

ಅವಳು ಆ ದಾರವನ್ನು ಮುಷ್ಟಿಯಲ್ಲಿ ಹಿಡಿದು ನಿಂತಳು. ಅದನ್ನು ತೋರಿಸಿದರೆ ಕಿರಿಯವಳು ಹೇಳಿದ್ದು ಅಕ್ಷರಶಃ ನಿಜವೆಂದಾಗುತ್ತದೆ. ಒಲೆಗೆ ಹಾಕಿದಳು. ದಾರ ಸುಡಲು ಎಷ್ಟು ಹೊತ್ತು ಬೇಕು?

ಮಳೆ ಹಿಡಿಯುವ ಕಾಲಕ್ಕೆ ತವರಿನಿಂದ ತಮ್ಮ ಬಂದ. ಕಾಲಲ್ಲಿ ಚಪ್ಪಲಿ ಇರಲಿಲ್ಲ.

“ಅಕ್ಕ, ಉಗ್ರಾಣ ಖಾಲಿ. ಊರಿನವರು ನನ್ನನ್ನು ನಂಬಿ ಇಟ್ಟಿದ್ದ ಬಿತ್ತನೆ ಕಾಳು ಕೂಡ ಇಲ್ಲ. ಯಾವನೋ ಕಿಂಡಿಯಿಂದ ಕರಿ ದಾರ ಹಾಕಿದನಂತೆ. ನಮ್ಮವರೇ ಮೂಟೆ ಹೊತ್ತು, ಹಗ್ಗ ಬಿಗಿದು, ಅವನ ಎತ್ತಿಗೆ ನೀರನ್ನೂ ಕುಡಿಸಿ ಕಳಿಸಿದ್ದಾರೆ. ಹೊಲ ಹದಕ್ಕೆ ಬಂದಿದೆ. ಜನ ಬಿತ್ತುವ ಕೂರಿಗೆ ಹೊತ್ತು ಅಂಗಳದಲ್ಲಿ ನಿಂತಿದ್ದಾರೆ. ಅವರಿಗೆ ಯಾವ ಮುಖ ತೋರಿಸಲಿ?”

ಹಿರಿಸೊಸೆ ಅವನ ಕಾಲಿಗೆ ನೀರು ತಂದಿಟ್ಟಳು.

“ಇಲ್ಲಿಗೂ ಅವನು ಬಂದಿರಬೇಕಲ್ಲ? ನಿನ್ನ ಉಗ್ರಾಣ ಹೇಗೆ ಉಳಿಯಿತು?”

“ಕಿಂಡಿಯಿಂದ ಬಿದ್ದ ಕರಿ ದಾರಕ್ಕೆ ಬೆಲೆಯಿಲ್ಲ ಎಂದು ಆಳುಗಳಿಗೆ ಹೇಳಿದ್ದೆ.”

ತಮ್ಮನಿಗೆ ಅಕ್ಕನ ಮೇಲೆ ಅನುಮಾನವೇನೂ ಇರಲಿಲ್ಲ. ಸುಮ್ಮನೆ ಕೇಳಿದ.

“ಯಾವತ್ತು ಹೇಳಿದೆ ಅಕ್ಕ?”

ಗುರುಗಳು ಕತೆಯನ್ನು ಅಲ್ಲಿಗೇ ಬಿಟ್ಟರು.

“ಆಮೇಲೆ? ಅವಳು ಏನಂದಳು ಬುದ್ಧಿ?” ಎಂದಳು ದಾಕ್ಷಾಯಿಣಿ.

ಸೆರಗಿನಡಿಯ ಫೋನು ಮತ್ತೆ ಅದುರತೊಡಗಿತು. ಈ ಸಲ ಅವಳು ಅದನ್ನು ಬೈಯಲಿಲ್ಲ. ಮುಟ್ಟಲೂ ಇಲ್ಲ. ಗುರುಗಳು ಅವಳ ಮುಖ ನೋಡಿ ಕೇಳಿದರು:

“ನಿಮ್ಮ ಒಕ್ಕೂಟದ ತೂತು ಮುಚ್ಚಿದ್ದು ಯಾವತ್ತು ತಾಯಿ?”